ಹಳದಿ ಚೀಟಿ ಕಟ್ಟಿಸಿಕೊಂಡ ಹೂವು

ಹೋದ ತಿಂಗಳು ಸಿಂಗಸಂದ್ರದ ಒಂದು ಮನೆಯ ಮುಂದೆ, ಶಾಮಿಯಾನದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸಾವಿನ ಮನೆಯಲ್ಲಿ ಬರಬಾರದ ನಗುವನ್ನು ಸೆರಗಿನಿಂದ ಮುಚ್ಚಿಕೊಳ್ಳಲು ಒದ್ದಾಡುತ್ತಿದ್ದೆ. ಒಳಗೆ ಮಲಗಿದ್ದವರು ಜಿಗಣಿಯ ನಮ್ಮ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಕ್ವಾಲಿಟಿ ಸಾರ್. ಬಂದವರೆಲ್ಲ ಹಾರ ತರುತ್ತಿದ್ದರು. ಸುಗಂಧರಾಜದ್ದು, ಸೇವಂತಿಗೆಯದ್ದು, ಚೆಂಡು ಹೂವಿನದ್ದು. ಒಬ್ಬರಂತೂ ಕಡು ನೀಲಿ ಬಣ್ಣದಲ್ಲಿ ಅದ್ದಿ ತೆಗೆದ ಹೂಗಳ ದೊಡ್ಡ ಚಕ್ರವನ್ನು ಹೊತ್ತುಕೊಂಡು ಬಂದರು. ಅದನ್ನು ಕಂಡದ್ದೇ ತಡ, ಸಾರ್ ಈಗ ಎದ್ದು ಕೂರುತ್ತಾರೆ, ಅಂಗಿಯ ಜೇಬಿನಿಂದ ಭೂತಗನ್ನಡಿ ತೆಗೆದು "ಇದನ್ನ ಯಾರಮ್ಮ ಪಾಸ್ ಮಾಡಿದ್ದು?" ಎಂದು ಕೇಳಿಯೇ ಕೇಳುತ್ತಾರೆ ಅನ್ನಿಸಿಬಿಟ್ಟಿತು. ಪಕ್ಕದಲ್ಲಿದ್ದ ಹಳೆಯ ಸಹೋದ್ಯೋಗಿಯ ಮುಖ ನೋಡಿದೆ. ಅವನೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೆಮ್ಮಿನ ನಾಟಕ ಆಡುತ್ತಿದ್ದ.

ನಮ್ಮದು ವಾಹನಗಳಿಗೆ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆ. ನಾನು ಡಿಸ್ಪ್ಯಾಚ್ ವಿಭಾಗದವಳು, ಅಂದರೆ ಮಾಲು ಲಾರಿ ಹತ್ತಿ ಗೇಟು ದಾಟುವಂತೆ ಮಾಡುವುದು ನನ್ನ ಕೆಲಸ. ಸಾರ್ ಕ್ವಾಲಿಟಿ ವಿಭಾಗದ ಮುಖ್ಯಸ್ಥರು, ಅಂದರೆ ಮಾಲು ಲಾರಿ ಹತ್ತದಂತೆ ನೋಡಿಕೊಳ್ಳುವುದು ಅವರ ಕೆಲಸ. ಹೀಗಿದ್ದ ಮೇಲೆ ನಮ್ಮಿಬ್ಬರ ಸ್ನೇಹ ಜಗಳದಿಂದಲೇ ಶುರುವಾಗಬೇಕಿತ್ತು, ಹಾಗೇ ಆಯಿತು. ಲಾರಿಯವನು ಎಂಜಿನ್ ಚಾಲೂ ಮಾಡಿಕೊಂಡು ಹಾರನ್ ಬಡಿಯುತ್ತಿರುತ್ತಿದ್ದ, ಗ್ರಾಹಕ ಕಂಪನಿಯವರು ಫೋನಿನಲ್ಲಿ ನನ್ನ ಕಿವಿ ತೂತು ಮಾಡುತ್ತಿರುತ್ತಿದ್ದರು, ಸಾರ್ ಮಾತ್ರ ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ಮದುವೆಗೆ ಹೆಣ್ಣು ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡುತ್ತಿರುತ್ತಿದ್ದರು.

"ಸಾರ್, ಲಾರಿ ಹೊರಡ್ಬೇಕು."

"ಹೊರಡ್ಲಿ ಬಿಡಮ್ಮ. ಖಾಲಿ ಹೊರಡ್ಲಿ."

ಪ್ರತಿ ಕಂತಿನ ಮಾಲಿನಿಂದಲೂ ಒಂದು ಸ್ಪ್ರಿಂಗನ್ನು ಆರಿಸಿ, ಯಂತ್ರಕ್ಕೆ ಸಿಕ್ಕಿಸಿ, ಅದು ಮುರಿಯುವವರೆಗೂ ಒತ್ತಿ ನೋಡುವ ಪರೀಕ್ಷೆಯೊಂದಿತ್ತು. ಟಪ್ ಎಂದು ಅದು ಮುರಿದಾಗ ಸಾರ್ ಮುಖದಲ್ಲಿ ಊಟವಾದ ಮೇಲಿನ ತೃಪ್ತಿ ಕಾಣುತ್ತಿತ್ತು. "ಮುರಿದು ನೋಡದೇ ಹೋದ್ರೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗತ್ತೆ?" ಎನ್ನುತ್ತಿದ್ದರು. ಬೇರೆಯವರು ನೋಡಿ ಸರಿಯಿದೆ ಎಂದದ್ದನ್ನು ತಾವೊಮ್ಮೆ ನೋಡದೆ ಅವರು ಒಪ್ಪಿದ್ದೇ ಇಲ್ಲ. ಕ್ಯಾಂಟೀನಿನ ಗಡಿಯಾರದ ಸಮಯವನ್ನೂ ತಮ್ಮ ಕೈಗಡಿಯಾರಕ್ಕೆ ತಾಳೆ ಹಾಕಿಯೇ ಟೀ ಕುಡಿಯುತ್ತಿದ್ದರು.

ಇಂಥ ಮನುಷ್ಯನಿಗೆ ಕಾಡು ಹೂವಿನ ಹುಚ್ಚು. ಹೂವು ಅಂದ ಕೂಡಲೇ ಗುಲಾಬಿ ಕುಂಡ ಇಟ್ಟುಕೊಳ್ಳುವ ಹವ್ಯಾಸ ಅಂದುಕೊಳ್ಳಬೇಡಿ. ಕುಂಡದ ಹೂವನ್ನು ಅವರು ಹೂವೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ಸೇವಂತಿಗೆ ಮುಡಿಸಿ ನಾವು ಸಂಭ್ರಮಪಟ್ಟರೆ, "ಇದೆಲ್ಲಾ ಸಪ್ಲೈಯರ್ ಮಾಲು ಕಣಮ್ಮ, ಆರ್ಡರ್ ಕೊಟ್ರೆ ಬರತ್ತೆ" ಎಂದು ತಳ್ಳಿಹಾಕುತ್ತಿದ್ದರು. ಅವರಿಗೆ ಬೇಕಾದದ್ದು ಯಾರೂ ಬಿತ್ತದೆ, ಯಾರೂ ನೀರು ಹಾಕದೆ, ಮಳೆ ಬಿದ್ದ ಮೇಲೆ ತಾನಾಗಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ, ಚಳಿಗಾಲದಲ್ಲಿ ಒಣಗಿಹೋಗುವ ಒಂದು ವರ್ಷದ ಗಿಡಗಳು. ತುಂಬೆ, ಅಣ್ಣೆ, ನಾಯಿಸಾಸಿವೆ, ಇನ್ನೂ ಹೆಸರೇ ಇಲ್ಲದ ಎಷ್ಟೋ. ಕಾರ್ಖಾನೆ, ಗೋದಾಮು, ಲಾರಿ ನಿಲ್ಲುವ ಜಾಗ, ಗ್ರಾನೈಟ್ ಕೊಯ್ಯುವ ಶೆಡ್ಡು ಇವೇ ತುಂಬಿದ ಜಿಗಣಿಯಲ್ಲಿ ಅವು ಎಲ್ಲಿರುತ್ತವೆ ಎಂದು ಕೇಳಿದರೆ, "ಯಾರ ಕೈಯೂ ಬೀಳದೇ ಇರೋ ಕಡೆ" ಎನ್ನುತ್ತಿದ್ದರು. ಚರಂಡಿಯ ಅಂಚು, ಟ್ರಾನ್ಸ್‌ಫಾರ್ಮರಿನ ಬೇಲಿಯ ಒಳಗೆ, ಎರಡು ಕಾಂಪೌಂಡುಗಳು ಜಗಳವಾಡಿಕೊಂಡು ನಡುವೆ ಬಿಟ್ಟ ಮೊಳದಗಲದ ಸಂದಿ. ಕೋರ್ಟಿನಲ್ಲಿ ವ್ಯಾಜ್ಯವಿರುವ ಸೈಟುಗಳ ಮೇಲೆ ಅವರಿಗೆ ವಿಶೇಷ ಪ್ರೀತಿ. "ತೀರ್ಪು ಬರದೇ ಇರ್ಲಿ ಅಂತ ಬೇಡ್ಕೋ. ತೀರ್ಪು ಬಂತೋ, ಜೆಸಿಬಿ ಬರತ್ತೆ."

ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಕಂಪನಿಯ ಬಸ್ಸು ಸಿಂಗಸಂದ್ರದಲ್ಲಿ ನಮ್ಮನ್ನು ಹತ್ತಿಸಿಕೊಂಡು ಎಲೆಕ್ಟ್ರಾನಿಕ್ ಸಿಟಿ ದಾಟುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಬೊಮ್ಮಸಂದ್ರದ ಹತ್ತಿರ ಸಾರ್ ದಡಕ್ಕನೆ ಎದ್ದು ನಿಂತು "ನಿಲ್ಸಪ್ಪಾ, ನಿಲ್ಸು, ಅರ್ಜೆಂಟು" ಎಂದರು. ಡ್ರೈವರ್ ಪಾಪ, ವಯಸ್ಸಾದವರು, ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ರಸ್ತೆ ಬದಿಗೆ ಎಳೆದು ನಿಲ್ಲಿಸಿದ. ಸಾರ್ ಇಳಿದು ಪೊದೆಯ ಕಡೆ ಓಡಿದರು. ಇಡೀ ಬಸ್ಸು ಮರ್ಯಾದೆಯಿಂದ ಇನ್ನೊಂದು ಪಕ್ಕದ ಕಿಟಕಿಗೆ ಮುಖ ತಿರುಗಿಸಿತು. ಬಹಳ ಹೊತ್ತಾದರೂ ಬರಲಿಲ್ಲ. ಕೊನೆಗೆ ಮಂಡಿಗೆಲ್ಲ ಕೆಸರು ಮೆತ್ತಿಕೊಂಡು ಬಂದು ನನ್ನ ಪಕ್ಕ ಕೂತರು.

"ಏನಾಯ್ತು ಸಾರ್?" ಎಂದೆ, ಕೇಳಬಹುದೋ ಬಾರದೋ ಎಂಬ ಅನುಮಾನದಲ್ಲೇ.

"ಒಳ್ಳೇ ನೀಲಿ ಕಂಡಿತ್ತಮ್ಮ. ಹತ್ರ ಹೋದ್ರೆ ಗುಟ್ಕಾ ಪಾಕೀಟು."

ಅವತ್ತಿನಿಂದ ಬಸ್ಸಿನಲ್ಲಿ ಯಾರಿಗೆ ಇಳಿಯುವ ಅವಸರವಾದರೂ "ಹೂವು ನೋಡ್ಬೇಕಿತ್ತು" ಎಂದು ಹೇಳುವುದು ರೂಢಿಯಾಯಿತು. ಸಾರ್ ಕೂಡ ಅದನ್ನು ಕೇಳಿ ನಗುತ್ತಿದ್ದರು, ಆದರೆ ಸ್ವಲ್ಪ ತಡವಾಗಿ.

ಕ್ಯಾಂಟೀನಿನಲ್ಲಿ ಬೆರಕೆ ಸೊಪ್ಪಿನ ಸಾರು ಮಾಡಿದ ದಿನ ಅವರ ಜೊತೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಬೆಂದು ಕಪ್ಪಾದ ಒಂದೊಂದು ಎಲೆಯನ್ನೂ ಚಮಚದ ತುದಿಯಲ್ಲಿ ಎತ್ತಿ, ಬಿಡಿಸಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, ಇದು ಅಣ್ಣೆ, ಇದು ಕನ್ನೆ, ಇದು ಹೊನಗೊನ್ನೆ, ಇದೇನೋ ಗೊತ್ತಾಗ್ತಿಲ್ಲ ಎಂದು ಹೇಳುತ್ತಾ ಹೋಗುವರು. ಗೊತ್ತಾಗದೆ ಉಳಿದ ಎಲೆಯನ್ನು ತಿನ್ನುತ್ತಿರಲಿಲ್ಲ. ನಾವೆಲ್ಲ ಅದನ್ನೇ ತಿಂದು ಮುಗಿಸಿ ಕೈ ತೊಳೆಯುತ್ತಿದ್ದೆವಲ್ಲ, ನಮ್ಮನ್ನು ಒಂದು ಥರ ಕನಿಕರದಿಂದ ನೋಡುತ್ತಿದ್ದರು. ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು: "ಊರಿನ ಕಳೆಗಿಡಕ್ಕೆಲ್ಲ ಇವರಿಗೆ ಹೆಸರು ಗೊತ್ತು ಕಣಮ್ಮ. ಮನೇಲಿ ಮಾತ್ರ ಸಾಸಿವೆ ಡಬ್ಬಿ ಯಾವ್ದು, ಮೆಂತ್ಯದ ಡಬ್ಬಿ ಯಾವ್ದು ಅಂತ ಇವತ್ತಿಗೂ ಗೊತ್ತಿಲ್ಲ."

ಕನ್ನೆ ಸೊಪ್ಪಿನ ವಿಷಯ ಬಂದದ್ದರಿಂದ ಮುಖ್ಯ ಕಥೆಗೆ ಬರುತ್ತೇನೆ. ನಮ್ಮ ಕಾರ್ಖಾನೆಯ ಹಿಂದೆ, ನೀರು ತಣಿಸುವ ಟ್ಯಾಂಕಿಗೂ ಕಾಂಪೌಂಡ್ ಗೋಡೆಗೂ ನಡುವೆ, ಒಂದು ಪಟ್ಟಿಯಷ್ಟು ಮಣ್ಣು ಉಳಿದುಕೊಂಡಿತ್ತು. ಹಿಂದೆ ರಾಗಿ ಹೊಲವಾಗಿದ್ದಾಗಿನ ಬದುವೇ ಇರಬೇಕು. ಮಧ್ಯಾಹ್ನದ ಮುಂಚಿನ ಟೀ ಬಿಡುವಿನಲ್ಲಿ ಸಾರ್ ಅಲ್ಲಿಗೆ ಹೋಗಿ ಬಗ್ಗಿ ನಿಲ್ಲುವುದು ಇಡೀ ಕಾರ್ಖಾನೆಗೆ ಗೊತ್ತಿತ್ತು. ಒಂದು ಮಳೆಗಾಲ ನನ್ನನ್ನೂ ಕರೆದುಕೊಂಡು ಹೋದರು. ಮೊದಲು ಮಾಮೂಲಿ ಕನ್ನೆ ತೋರಿಸಿದರು. ಅಗಲ ಎಲೆ, ಎಲೆ ಕಾಂಡವನ್ನು ತಬ್ಬಿಕೊಳ್ಳುವ ಕಡೆ ತುಕ್ಕು ಬಣ್ಣದ ಕೂದಲು, ಪುಟ್ಟ ದೊನ್ನೆಯಂತೆ ಮಡಿಸಿದ ಎಲೆಯೊಳಗಿಂದ ಇಣುಕುವ ನೀಲಿ ಹೂವು. ಬೆಳಿಗ್ಗೆ ಅರಳುತ್ತದೆ, ಬಿಸಿಲೇರುವಷ್ಟರಲ್ಲಿ ಮುದುಡಿ ಕರಗಿ ನೀರಾಗುತ್ತದೆ. ಅದೆಲ್ಲ ನಾನು ನೋಡಿದ್ದದ್ದೇ. ಆಮೇಲೆ ಸಾರ್ ಒಂದು ಗಿಡವನ್ನು ಬುಡಸಮೇತ ಅಗೆದು, ಮಣ್ಣು ಕೊಡವಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ಬೇರಿನ ಹತ್ರ ನೋಡು."

ಬೇರುಗಳ ನಡುವೆ ಬಿಳಿಚಿಕೊಂಡ ಸಣ್ಣ ಕುಡಿಗಳಿದ್ದವು, ಅವುಗಳ ತುದಿಯಲ್ಲಿ ಅಕ್ಕಿ ನುಚ್ಚಿನಷ್ಟು ಮೊಗ್ಗುಗಳು.

"ಇವೂ ಹೂವೇ," ಎಂದರು ಸಾರ್. "ಮಣ್ಣೊಳಗೇ ಇರತ್ವೆ. ಅರಳೋದೇ ಇಲ್ಲ, ಒಳಗೊಳಗೇ ಬೀಜ ಕಟ್ಟತ್ವೆ. ಮೇಲಿನ ಹೂವು ನೋಡೋರಿಗೆ, ಕೆಳಗಿನ ಹೂವು ಮುಂದಿನ ವರ್ಷಕ್ಕೆ."

ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಸಾರಿನಲ್ಲಿ ತಿಂದು ತೇಗಿದ ಸೊಪ್ಪು ಕಾಲ ಕೆಳಗೆ ಇಂಥ ಗುಟ್ಟಿನ ಸಂಸಾರ ನಡೆಸುತ್ತಿದೆಯೆಂದು ಯಾರಿಗೆ ಗೊತ್ತಿತ್ತು? ಆದರೆ ಸಾರ್ ನನ್ನನ್ನು ಕರೆತಂದದ್ದು ಅದಕ್ಕಲ್ಲ. ಗೋಡೆಯ ಬುಡದಲ್ಲಿ, ಮರಳು ಮಣ್ಣು ಇದ್ದ ಕಡೆ, ಇನ್ನೊಂದು ಕನ್ನೆ ಹರಡಿಕೊಂಡಿತ್ತು. ಅದರ ಎಲೆ ಕಿರಿದು, ಅಂಚು ಸೀರೆಯ ನಿರಿಗೆಯಂತೆ ಸುಕ್ಕು, ತುಕ್ಕು ಬಣ್ಣದ ಕೂದಲಿಲ್ಲ, ಹೂವು ತಿಳಿ ನೀಲಿ. ಅದು ಯಾವುದು ಎನ್ನುವುದೇ ಸಾರ್‌ನ ತಲೆನೋವು. ಅವರ ಬಳಿಯಿದ್ದ ಪುಸ್ತಕದ ಪ್ರಕಾರ ಈ ಚಹರೆಗೆ ಹೊಂದುವ ಗಿಡಗಳು ಎರಡು. ಒಂದಕ್ಕೆ ನೆಲದೊಳಗೂ ಹೂವಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಅಷ್ಟೇ ವ್ಯತ್ಯಾಸ.

"ಹಾಗಾದ್ರೆ ಅಗೆದು ನೋಡಿದ್ರೆ ಆಯ್ತಲ್ಲ ಸಾರ್?"

ಸಾರ್ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಅವರ ಮೊಮ್ಮಗಳನ್ನು ಯಂತ್ರಕ್ಕೆ ಸಿಕ್ಕಿಸಿ ಒತ್ತಿ ನೋಡೋಣ ಎಂದಿದ್ದೆನೇನೋ ಎಂಬಂತೆ.

"ಇರೋದೇ ಇಷ್ಟು. ಅದೂ ಗಿಣ್ಣು ಗಿಣ್ಣಿಗೆ ಬೇರು ಬಿಡೋ ಜಾತಿ. ಎಲ್ಲಾ ಸೇರಿ ಒಂದೇ ಗಿಡ ಆಗಿದ್ರೆ? ಸುತ್ತಮುತ್ತ ಎಲ್ಲಾ ಹುಡುಕಿದೀನಿ, ಬೇರೆಲ್ಲೂ ಇಲ್ಲ. ಇನ್ನೊಂದಷ್ಟು ಹಬ್ಬಲಿ, ಆಮೇಲೆ ನೋಡೋಣ."

ಆ ಮಳೆಗಾಲ ಅದು ಹಬ್ಬಲಿಲ್ಲ. ಮುಂದಿನ ಮಳೆಗಾಲವೂ ಅಷ್ಟಕ್ಕಷ್ಟೇ ಬಂತು. ಸಾರ್ ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಯೋಚಿಸುವರು, ಜೇಬಿನಿಂದ ಸಣ್ಣ ಚಾಕು ತೆಗೆಯುವರು, ಮತ್ತೆ ಒಳಗಿಟ್ಟುಕೊಳ್ಳುವರು. ದಿನಬೆಳಗಾದರೆ ಸ್ಪ್ರಿಂಗುಗಳನ್ನು ಟಪ್ ಟಪ್ ಎಂದು ಮುರಿದುಹಾಕುವ ಕೈ ಒಂದು ಕಳೆಗಿಡದ ಮುಂದೆ ಹೀಗೆ ಹೆದರುವುದನ್ನು ನೋಡಿ ನಾವು ಚುಡಾಯಿಸುವುದಕ್ಕೆ ಮಿತಿಯೇ ಇರಲಿಲ್ಲ. "ಸಾರ್, ಸ್ಯಾಂಪಲ್ ತೆಗೆದ್ರಾ?" ಎಂದು ಟೀ ಕೊಡುವವನು ಕೂಡ ಕೇಳುತ್ತಿದ್ದ.

ಮೂರನೆಯ ಮಳೆಗಾಲ ಬಂದಾಗ ವಿಷಯ ಬಿಗಿಯಾಯಿತು. ಬರುವ ಸಂಕ್ರಾಂತಿಗೆ ಸಾರ್ ನಿವೃತ್ತಿ. ಆಮೇಲೆ ಗೇಟಿನೊಳಗೆ ಅವರಿಗೆ ದಾರಿಯಿಲ್ಲ. ಗಿಡವೋ ಒಂದು ವರ್ಷದ್ದು, ಚಳಿ ಬೀಳುವಷ್ಟರಲ್ಲಿ ಒಣಗಿ ಹೋಗುತ್ತದೆ. ಈ ಸಲ ಗೊತ್ತಾದರೆ ಗೊತ್ತಾಯಿತು, ಇಲ್ಲದಿದ್ದರೆ ಇಲ್ಲ. "ಒಂದಾದರೂ ಪೂರ್ತಿ ತಿಳ್ಕೊಂಡು ಹೋಗ್ಬೇಕಮ್ಮ" ಎಂದು ಒಂದು ದಿನ ಬಸ್ಸಿನಲ್ಲಿ ಹೇಳಿದರು. ದನಿಯಲ್ಲಿ ತಮಾಷೆ ಇರಲಿಲ್ಲ, ಹಾಗಾಗಿ ನಾನೂ ಚುಡಾಯಿಸಲಿಲ್ಲ.

ಮೊದಲು ಅವರು ಗಿಡದ ರಕ್ಷಣೆಗೆ ಇಳಿದರು. ಹುಲ್ಲು ಕತ್ತರಿಸುವ ಗುತ್ತಿಗೆಯವರು ಯಂತ್ರ ಹಿಡಿದು ಹಿಂದುಗಡೆಗೂ ಬರುತ್ತಿದ್ದರು. ಅವರನ್ನು ತಡೆಯುವುದಕ್ಕೆ ಸಾರ್‌ಗೆ ಹೊಳೆದದ್ದು ಕಾರ್ಖಾನೆಯ ಚೀಟಿ. ನಮ್ಮಲ್ಲಿ ಪರೀಕ್ಷೆಯಾದ ಮಾಲಿಗೆ ಮೂರು ಬಣ್ಣದ ಚೀಟಿ ಕಟ್ಟುತ್ತಾರೆ. ಹಸಿರು ಅಂದರೆ ಪಾಸು, ಕೆಂಪು ಅಂದರೆ ಫೇಲು, ಹಳದಿ ಅಂದರೆ ಇನ್ನೂ ತೀರ್ಮಾನವಾಗಿಲ್ಲ, ಸಾರ್ ಹೇಳುವವರೆಗೆ ಯಾರೂ ಮುಟ್ಟುವಂತಿಲ್ಲ. ಹಳದಿ ಚೀಟಿಯ ಮೇಲೆ ಸಾರ್‌ನ ಸಹಿ ಕಂಡರೆ ಮಾಲೀಕರೂ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಸಾರ್ ಆ ಕನ್ನೆಯ ಒಂದೊಂದು ಕವಲಿಗೂ ಒಂದೊಂದು ಹಳದಿ ಚೀಟಿ ಕಟ್ಟಿದರು. ಕೈ ಅಭ್ಯಾಸ, ತಾರೀಖು ಹಾಕಿ ಸಹಿಯನ್ನೂ ಮಾಡಿದರು. ಹುಲ್ಲು ಕತ್ತರಿಸುವವರು ಅದನ್ನು ನೋಡಿ ದೂರದಿಂದಲೇ ಸುತ್ತು ಹಾಕಿ ಹೋದರು. ಗಿಡ ಹಬ್ಬತೊಡಗಿತು. ಸಾರ್ ಮುಖದಲ್ಲಿ ಹಬ್ಬದ ಕಳೆ ಬಂತು. ದಸರಾ ಮುಗಿಯಲಿ, ಅಂಚಿನದೊಂದು ಕವಲು ಅಗೆದು ನೋಡುತ್ತೇನೆ ಎಂದು ನನ್ನ ಹತ್ತಿರ ಮಾತು ಕೊಟ್ಟರು. ದಸರಾ ಮುಗಿಯಿತು, ದೀಪಾವಳಿ ಮುಗಿಯಲಿ ಎಂದರು.

ಅಷ್ಟರಲ್ಲಿ ದೊಡ್ಡ ಗ್ರಾಹಕ ಕಂಪನಿಯೊಂದರಿಂದ ತಪಾಸಣೆಗೆ ಜನ ಬರುತ್ತಾರೆಂದು ಸುದ್ದಿ ಬಂತು. ಕಾರ್ಖಾನೆಗೆ ಜ್ವರ ಹಿಡಿಯಿತು. ಗೋಡೆಗೆ ಸುಣ್ಣ, ನೆಲಕ್ಕೆ ಬಣ್ಣ, ನಮಗೆಲ್ಲ ಹೊಸ ಗುರುತಿನ ಚೀಟಿ. ತೀರ್ಮಾನವಾಗದೆ ಬಿದ್ದಿರುವ ಮಾಲು ತಪಾಸಣೆಯವರ ಕಣ್ಣಿಗೆ ಬಿದ್ದರೆ ಕೆಟ್ಟ ಹೆಸರು. ಹಾಗಾಗಿ ಸಾರ್ ನೋಟಿಸ್ ಬೋರ್ಡಿಗೆ ಒಂದು ಆಜ್ಞೆ ಅಂಟಿಸಿದರು: ಹಳದಿ ಚೀಟಿ ಕಟ್ಟಿ ವಾರ ಕಳೆದ ಯಾವುದೇ ವಸ್ತು ಎಲ್ಲಿಯೇ ಇರಲಿ, ತಪಾಸಣೆಯ ಹಿಂದಿನ ದಿನ ಸ್ಕ್ರ್ಯಾಪ್ ಯಾರ್ಡಿಗೆ ಸಾಗಿಸತಕ್ಕದ್ದು. ಕೆಳಗೆ ದಪ್ಪಕ್ಷರದಲ್ಲಿ, ಯಾರಿಗೂ ವಿನಾಯಿತಿ ಇಲ್ಲ.

ಇದನ್ನು ಅಂಟಿಸುವಾಗ ಅವರ ತಲೆಯಲ್ಲಿ ಸ್ಪ್ರಿಂಗುಗಳಿದ್ದವೇ ಹೊರತು ಹೂವಿರಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ಹೂವನ್ನು ಅವರು ಯಾವತ್ತೂ ವಸ್ತು ಎಂದುಕೊಂಡಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಸಾರ್ ಟೈ ಕಟ್ಟಿಕೊಂಡು ಬಂದಿದ್ದರು. ಟೀ ಬಿಡುವಿನಲ್ಲಿ ಹಿಂದಕ್ಕೆ ಹೋದವರು ಹೋದ ವೇಗದಲ್ಲೇ ವಾಪಸ್ ಬಂದು ನನ್ನ ಮೇಜಿನ ಮುಂದೆ ನಿಂತರು.

"ಬಾರಮ್ಮ ಒಂದ್ನಿಮಿಷ."

ಹೋಗಿ ನೋಡಿದರೆ ಗೋಡೆಯ ಬುಡ ಗುಡಿಸಿ ಸಾರಿಸಿದಂತಿತ್ತು. ಮಾಮೂಲಿ ಕನ್ನೆ, ಹುಲ್ಲು, ತುಂಬೆ ಎಲ್ಲ ಹಾಗೇ ಇದ್ದವು. ಚೀಟಿ ಕಟ್ಟಿದ್ದು ಮಾತ್ರ ಒಂದೂ ಇರಲಿಲ್ಲ.

ಹೌಸ್‌ಕೀಪಿಂಗ್ ಮೇಲ್ವಿಚಾರಕಿ ನೀಲಮ್ಮನನ್ನು ಕರೆಸಿದೆವು. ಯಾದಗಿರಿ ಕಡೆಯವಳು, ಗಂಡ ಮಕ್ಕಳೊಂದಿಗೆ ಜಿಗಣಿಯಲ್ಲೇ ಬಾಡಿಗೆ ಕೋಣೆಯಲ್ಲಿದ್ದಳು. ಕೆಲಸದಲ್ಲಿ ಬಹಳ ಶಿಸ್ತು. ಸಾರ್ ಮುಖ ನೋಡಿದ್ದೇ ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತಳು.

"ಇಲ್ಲಿದ್ದ ಗಿಡ ಎಲ್ಲಮ್ಮ?"

"ನಿನ್ನಿ ಸಂಜಿಗೆ ಕಿತ್ತು ಸ್ಕ್ರ್ಯಾಪ್‌ನ್ಯಾಗ ಹಾಕೀವ್ರಿ ಸರ. ವಾರಕ್ಕಿಂತ ಜಾಸ್ತಿ ಆಗಿದ್ದ ಹಳದಿ ಚೀಟಿ ಎಲ್ಲಾ ಎತ್ರಿ ಅಂತ ಬೋರ್ಡಿನ್ಯಾಗ ಹಾಕಿದ್ರಲ್ರೀ. ನೋಡಿದ್ನಿ, ತಾರೀಖು ಶ್ರಾವಣದ್ದಿತ್ತು."

"ಗಿಡ ಅದು! ಗಿಡಕ್ಕೆ ಯಾರಾದ್ರೂ..."

"ನನಗೂ ಹಂಗ ಅನಿಸಿತ್ರಿ, ಗಿಡಕ್ಯಾಕ ಚೀಟಿ ಅಂತ. ಆದ್ರ ನಿಮ್ಮ ಸಹಿ ಇತ್ತಲ್ರೀ. ಸರ ಸಹಿ ಮಾಡ್ಯಾರ ಅಂದ್ರ ಅದಕ್ಕೇನರ ಕಾರಣ ಇರ್ತದ ಅಂತ ತಿಳ್ಕೊಂಡ್ವಿ. ಬ್ಯಾರೇದಕ್ಕ ಒಂದಕ್ಕೂ ಕೈ ಹಚ್ಚಿಲ್ರಿ." ಅವಳ ಕಣ್ಣು ತುಂಬಿತ್ತು. "ನನ್ನ ಕೆಲಸ ಹೋಗ್ತದೇನ್ರಿ ಸರ?"

ಸಾರ್ ಬೈಯುವುದಕ್ಕೆ ಬಾಯಿ ತೆರೆದದ್ದು ನನಗೆ ಕಂಡಿತು. ಆದರೆ ಬೈಯುವುದು ಯಾರನ್ನು? ಚೀಟಿ ಅವರದ್ದು, ಸಹಿ ಅವರದ್ದು, ಆಜ್ಞೆಯೂ ಅವರದ್ದೇ.

"ನಿನ್ನ ಕೆಲ್ಸ ಯಾಕಮ್ಮ ಹೋಗತ್ತೆ?" ಎಂದರು ಕೊನೆಗೆ. "ಇಷ್ಟು ವರ್ಷದಲ್ಲಿ ನಾನು ಬರೆದಿದ್ದನ್ನ ಓದಿ, ಬರೆದ ಹಾಗೇ ಮಾಡಿದೋಳು ಈ ಕಾರ್ಖಾನೇಲಿ ನೀನೊಬ್ಳೇ."

ಮೂವರೂ ಸ್ಕ್ರ್ಯಾಪ್ ಯಾರ್ಡಿಗೆ ಹೋದೆವು. ಮುರಿದ ಸ್ಪ್ರಿಂಗುಗಳ ರಾಶಿಯ ಪಕ್ಕದಲ್ಲಿ, ಹಳದಿ ಚೀಟಿಗಳ ಸಮೇತ, ಕನ್ನೆ ಬುಡಮೇಲಾಗಿ ಬಿದ್ದಿತ್ತು. ಎಲೆ ಬಾಡಿತ್ತು, ಹೂವೆಲ್ಲ ಕರಗಿತ್ತು, ಬೇರು ಆಕಾಶ ನೋಡುತ್ತಿತ್ತು. ಸಾರ್ ಕಬ್ಬಿಣದ ಚೂರುಗಳ ನಡುವೆ ಮಂಡಿಯೂರಿ ಒಂದನ್ನು ಎತ್ತಿಕೊಂಡರು. ಮಣ್ಣು ಕೊಡವಿದರು. ಭೂತಗನ್ನಡಿ ತೆಗೆದರು. ನೋಡಿದರು. ಅದನ್ನು ನನ್ನ ಕೈಗೆ ಕೊಟ್ಟರು.

ಬೇರುಗಳ ನಡುವೆ ಬಿಳಿಯ ಕುಡಿಗಳು, ಕುಡಿಗಳ ತುದಿಯಲ್ಲಿ ಮೊಗ್ಗು. ಕೆಲವು ಆಗಲೇ ಉಬ್ಬಿ ಕಾಯಾಗಿದ್ದವು.

"ಇದೆ ಸಾರ್!" ನಾನು ಕೂಗಿಯೇಬಿಟ್ಟೆ. "ಕೆಳಗೂ ಹೂವಿದೆ! ಗೊತ್ತಾಯ್ತಲ್ಲ ಸಾರ್, ಯಾವ್ದು ಅಂತ?"

"ಗೊತ್ತಾಯ್ತಮ್ಮ," ಎಂದರು. ಟೈ ಬೇರಿನ ಮೇಲೆ ಜೋತಾಡುತ್ತಿತ್ತು. "ಗೊತ್ತಾಗದೇ ಇದ್ದಿದ್ರೂ ನಡೀತಿತ್ತು."

ಅದೇ ಹೊತ್ತಿಗೆ ತಪಾಸಣೆಯ ತಂಡ ಆ ಕಡೆ ಬರಬೇಕೇ! ಮುಂದೆ ಫ್ಯಾಕ್ಟರಿ ಮ್ಯಾನೇಜರ್, ಹಿಂದೆ ಕೋಟು ತೊಟ್ಟ ಇಬ್ಬರು. ಕ್ವಾಲಿಟಿ ವಿಭಾಗದ ಮುಖ್ಯಸ್ಥರು ಸ್ಕ್ರ್ಯಾಪ್ ರಾಶಿಯಲ್ಲಿ ಮಂಡಿಯೂರಿ ಭೂತಗನ್ನಡಿ ಹಿಡಿದು ಕೂತಿರುವುದನ್ನು ಕಂಡು ಮೂವರೂ ಗಕ್ಕನೆ ನಿಂತರು. ಮ್ಯಾನೇಜರ್ ಅನುಭವಸ್ಥರು. ಒಂದು ಕ್ಷಣವೂ ತಡೆಯದೆ, ನಮ್ಮ ಮುಖ್ಯಸ್ಥರು ಎಸೆದ ಮಾಲನ್ನೂ ಹೀಗೆ ಖುದ್ದಾಗಿ ಪರೀಕ್ಷಿಸಿಯೇ ಬಿಡುವುದು, ಇದು ನಮ್ಮ ಪದ್ಧತಿ ಎಂದು ವಿವರಿಸಿದರು. ಕೋಟಿನವರು ಪರಸ್ಪರ ತಲೆದೂಗಿಕೊಂಡರು. ಬೇರೆ ಕಾರ್ಖಾನೆಗಳೂ ಅನುಸರಿಸಬೇಕಾದ ಪದ್ಧತಿ ಎಂದು ಅವರ ವರದಿಯಲ್ಲಿ ಮೆಚ್ಚುಗೆ ಬಂತು. ನಾವು ತಪಾಸಣೆಯಲ್ಲಿ ಪಾಸಾದೆವು. ಸಾರ್ ಮಾತ್ರ ಅವರ ಕಡೆ ತಿರುಗಿಯೂ ನೋಡಿರಲಿಲ್ಲ. ಬೇರಿನಿಂದ ಒಂದೊಂದೇ ಕಾಯಿ ಬಿಡಿಸಿ ಅಂಗೈಯಲ್ಲಿ ಕೂಡಿಹಾಕುತ್ತಿದ್ದರು.

ಮಧ್ಯಾಹ್ನ ಅವನ್ನು ಗೋಡೆಯ ಬುಡದ ಮರಳು ಮಣ್ಣಿನಲ್ಲಿ ಬೆರಳಿನಿಂದ ಗುಳಿ ಮಾಡಿ ಹೂತೆವು. ನೀಲಮ್ಮ ಮಗ್ಗಿನಲ್ಲಿ ನೀರು ತಂದಳು. "ಈಗ ಹುಟ್ಟಾಂಗಿಲ್ರಿ ಸರ, ಚಳಿ ಬಂತು" ಎಂದಳು. "ಗೊತ್ತಮ್ಮ," ಎಂದರು ಸಾರ್, "ಇದು ಮುಂದಿನ ಮಳೇಗೆ." ಮುಂದಿನ ಮಳೆಗೆ ಸಾರ್ ಅಲ್ಲಿರುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಸಂಕ್ರಾಂತಿಗೆ ಸಾರ್ ನಿವೃತ್ತರಾದರು. ಶಾಲು, ಹಾರ, ಗೋಡೆ ಗಡಿಯಾರ. ಹಾರವನ್ನು ಕೊರಳಿಗೆ ಹಾಕಿಸಿಕೊಂಡು ಅದರ ಒಂದು ಎಸಳನ್ನು ಕಿತ್ತು ಬೆರಳಿನಲ್ಲಿ ಹೊಸಕಿ ನೋಡಿದರು. ಭಾಷಣ ಮಾಡಿ ಎಂದರೆ "ಎಲ್ರೂ ಸರಿಯಾಗಿ ಕೆಲ್ಸ ಮಾಡಿ" ಎಂದು ಕೂತುಬಿಟ್ಟರು.

ಮಳೆಗಾಲ ಶುರುವಾದ ಮೇಲೆ ಅವರ ಫೋನು ಬರತೊಡಗಿತು. ಮೊದಲು ಆರೋಗ್ಯ ವಿಚಾರಿಸುವರು, ಆಮೇಲೆ ಟ್ರಾಫಿಕ್ಕು ಹೇಗಿದೆ ಎನ್ನುವರು, ಆಮೇಲೆ ತೀರಾ ಸಹಜವೆಂಬಂತೆ, "ಹಿಂದುಗಡೆ ಹೋಗಿದ್ಯಾ?" ನಾನು ಹೋಗಿ ನೋಡುತ್ತಿದ್ದೆ. ಹುಲ್ಲಿತ್ತು, ತುಂಬೆಯಿತ್ತು, ಮಾಮೂಲಿ ಕನ್ನೆಯಿತ್ತು. ಗೋಡೆಯ ಬುಡ ಬೋಳಾಗಿತ್ತು. ಇಲ್ಲ ಸಾರ್ ಎನ್ನುವುದು ನನಗೆ ದಿನದಿನಕ್ಕೂ ಕಷ್ಟವಾಗುತ್ತಾ ಬಂತು. ಒಂದೆರಡು ಸಲ ಫೋನು ಎತ್ತಲೇ ಇಲ್ಲ.

ಶ್ರಾವಣ ಬಂದಾಗ ಒಂದು ಬೆಳಿಗ್ಗೆ ನಾನೇ ಫೋನ್ ಮಾಡಿದೆ, ಗೋಡೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತುಕೊಂಡು.

"ಸಾರ್, ಬಂದಿದೆ."

ಆ ಕಡೆಯಿಂದ ಕ್ವಾಲಿಟಿ ವಿಭಾಗದ ಹಳೆಯ ದನಿ ಕೇಳಿಸಿತು.

"ಕನ್ನೆ ಎಲ್ಲಾ ಕಡೆ ಬರತ್ತೆ. ಎಲೆ ಹೇಗಿದೆ?"

"ಕಿರಿದು ಸಾರ್. ಅಂಚು ಸುಕ್ಕು."

"ಕೂದಲು?"

"ತುಕ್ಕು ಬಣ್ಣದ್ದು ಇಲ್ಲವೇ ಇಲ್ಲ. ಮಾಮೂಲಿಯದ್ದರ ಪಕ್ಕ ಹಿಡಿದು ನೋಡಿದೆ."

"ಹೂವು ಬಿಟ್ಟಿದ್ಯಾ?"

"ಒಂದೇ ಒಂದು. ತಿಳಿ ನೀಲಿ."

"ನೆಲದೊಳಗೆ?"

"ನೋಡಿಲ್ಲ ಸಾರ್. ಇರೋದೇ ನಾಲ್ಕು ಕುಡಿ. ಒಂದನ್ನ ಕಿತ್ತು ನೋಡ್ಲಾ?"

ಅವರ ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಬೇಡ," ಎಂದರು. "ಕೀಳಬೇಡ. ಅದೇ ಅದು."

ನಾನೂ ಬಿಡಲಿಲ್ಲ. ಕೀಟಲೆ ಮಾಡುವ ಇಂಥ ಅವಕಾಶ ಮತ್ತೆ ಎಲ್ಲಿ ಸಿಗಬೇಕು? "ಕಿತ್ತು ನೋಡದೇ ಪಾಸ್ ಮಾಡ್ತಿದೀರಾ ಸಾರ್? ನೀವು?"

"ನೀನು ನೋಡಿದೀಯಲ್ಲಮ್ಮ," ಎಂದರು. "ಅಷ್ಟು ಸಾಕು."